ಕೆಲಸ ಕೊಡಿಸಿದ ಮೇಲೆ ಜೊತೆಗೆ ನಿಲ್ಲುವವರು ಯಾರು?

ಮಾನ್ಯ ಸಂಪಾದಕರೇ,

ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಆ ಹೊತ್ತಿಗೆ ಅವನು ಮೈಸೂರಿನ ಹೂಟಗಳ್ಳಿಯಲ್ಲಿ ಫಸ್ಟ್ ಶಿಫ್ಟಿನಲ್ಲಿ ಇರಬೇಕಿತ್ತು. ಉದ್ಯೋಗ ಮೇಳದಲ್ಲಿ ಅವನಿಗೆ ಆಫರ್ ಲೆಟರ್ ಸಿಕ್ಕ ದಿನ ಅವರಮ್ಮ ನಮ್ಮ ಮನೆಗೆ ಬಂದು ಎರಡು ಅಚ್ಚು ಬೆಲ್ಲ ಕೊಟ್ಟು ಹೋಗಿದ್ದರು. "ಯಾಕಪ್ಪ, ರಜಾನಾ?" ಅಂದೆ. ತಲೆ ಬಗ್ಗಿಸಿಕೊಂಡು "ಬುಟ್ಬುಟ್ಟೆ ಸಾ" ಅಂದ.

ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸಿ ನಿವೃತ್ತನಾದವನು. ಈ ಮಾತನ್ನು ಎಷ್ಟು ಹುಡುಗರ ಬಾಯಲ್ಲಿ ಕೇಳಿದ್ದೀನೋ ಲೆಕ್ಕವಿಲ್ಲ. ಈ ಸಲ ಮಾತ್ರ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಟೀ ಕುಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ಏನಾಯ್ತು ಅಂತ ಮೊದಲಿಂದ ಕೇಳಿದೆ. ಅವನು ಹೇಳಿದ್ದನ್ನು ನಿಮ್ಮ ಓದುಗರಿಗೂ ಹೇಳಬೇಕು ಅನಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಅವನು ಸೇರಿದ್ದು ತಿಂಗಳ 4ನೇ ತಾರೀಖು. ಸಂಬಳ ಬರುವುದು ಮುಂದಿನ ತಿಂಗಳು 10ಕ್ಕೆ. ಅಂದರೆ ಮೂವತ್ತಾರು ದಿನ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಹೊರಡುವಾಗ ಅವರಮ್ಮ ಸಂಘದಲ್ಲಿ 5,000 ರೂಪಾಯಿ ಸಾಲ ಎತ್ತಿ ಕೊಟ್ಟಿದ್ದರು. ನಾಲ್ಕು ಹುಡುಗರು ಸೇರಿ ಹಿಡಿದ ರೂಮಿನ ಅಡ್ವಾನ್ಸಿನಲ್ಲಿ ಅವನ ಪಾಲಿಗೆ 2,500 ಹೋಯಿತು. ರಾತ್ರಿ ಊಟಕ್ಕೆ ಮೆಸ್ಸು. ಸೇಫ್ಟಿ ಶೂ ನೀನೇ ತಗೋ ಅಂತ ಕಂಟ್ರಾಕ್ಟರ್ ಕಡೆಯವರು ಹೇಳಿದ್ದರಿಂದ ಅದಕ್ಕೊಂದಿಷ್ಟು. ಇಪ್ಪತ್ತನೇ ದಿನಕ್ಕೆ ದುಡ್ಡು ಮುಗಿಯಿತು. ಭಾನುವಾರ ಊರಿಗೆ ಬಂದ. ಸೋಮವಾರ ವಾಪಸ್ ಹೋಗೋಕೆ ಬಸ್ ಚಾರ್ಜು ಇಲ್ಲ. ಅಮ್ಮನ ಹತ್ತಿರ ಮತ್ತೆ ಕೇಳೋಕೆ ನಾಚಿಕೆ. ಫೋನಿಗೆ ಕರೆನ್ಸಿ ಇರಲಿಲ್ಲ, ಇದ್ದಿದ್ದರೂ ಸೂಪರ್‌ವೈಸರ್‌ಗೆ ಏನಂತ ಹೇಳೋದು ಅನ್ನೋ ಭಯ. ಹಾಗೂ ಹೀಗೂ ದುಡ್ಡು ಹೊಂದಿಸಿಕೊಂಡು ಗುರುವಾರ ಹೋದರೆ ಗೇಟಿನಲ್ಲೇ ನಿಲ್ಲಿಸಿ, ನಿನ್ನ ಜಾಗಕ್ಕೆ ಬೇರೆಯವನನ್ನು ತಗೊಂಡಾಯ್ತು ಅಂದರಂತೆ. ದುಡಿದ ದಿನಗಳ ಸಂಬಳವೂ ಇನ್ನೂ ಬಂದಿಲ್ಲ.

ಈ ಹುಡುಗನಿಗೆ ಡ್ರಾಯಿಂಗ್ ಓದೋಕೆ ಬರುತ್ತೆ, ವರ್ನಿಯರ್ ಹಿಡಿದು ಅಳತೆ ತೆಗೆದರೆ ತಪ್ಪು ಮಾಡಲ್ಲ. ಕಲಿಸಿದ್ದು ನಾನೇ, ನನಗೆ ಗೊತ್ತು. ಕೆಲಸ ಬರದೆ ಬಿಟ್ಟವನಲ್ಲ ಅವನು. ನೂರು ರೂಪಾಯಿ ಬಸ್ ಚಾರ್ಜು ಕೊಟ್ಟು, ಅವನ ಪರವಾಗಿ ಸೂಪರ್‌ವೈಸರ್‌ಗೆ ಒಂದು ಫೋನ್ ಮಾಡುವ ಹಿರಿಯರು ಯಾರಾದರೂ ಇದ್ದಿದ್ದರೆ ಇವತ್ತೂ ಮೆಷಿನ್ ಮುಂದೆ ನಿಂತಿರುತ್ತಿದ್ದ.

ಮೇಳದ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಉದ್ಯೋಗ ಸಿಕ್ಕವರ ಸಾಲಿನಲ್ಲೇ ಇದೆ. ಅದನ್ನು ಯಾರೂ ತಿದ್ದುವುದಿಲ್ಲ, ಯಾಕೆಂದರೆ ಆಮೇಲೆ ಯಾರೂ ಕೇಳುವುದಿಲ್ಲ. ನಮ್ಮ ಹಳ್ಳಿಯ ಡೈರಿಯಲ್ಲಿ ದಿನಕ್ಕೆ ಎರಡು ಹೊತ್ತು ಪ್ರತಿ ಮನೆಯ ಹಾಲಿನ ಅಳತೆ, ಫ್ಯಾಟು, ಎಲ್ಲ ಬರೆದುಕೊಳ್ಳುತ್ತಾರೆ. ಒಂದು ಮನೆಯ ಹಾಲು ಎರಡು ದಿನ ಬರದಿದ್ದರೆ ಸೆಕ್ರೆಟರಿಯೇ "ಯಾಕ್ರಪ್ಪಾ, ಹಸಕ್ಕೆ ಏನಾಯ್ತು?" ಅಂತ ಕೇಳುತ್ತಾರೆ. ಅದೇ ಮನೆಯ ಮಗ ಕೆಲಸ ಬಿಟ್ಟು ಬಂದು ಜಗಲಿ ಮೇಲೆ ಕೂತರೆ ಕೇಳುವವರಿಲ್ಲ. ಅಧಿಕಾರಿಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯವರು, ಕೌಶಲ ಇಲಾಖೆಯವರು ಮೇಳಕ್ಕೆ ಎಷ್ಟು ಓಡಾಡುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ. ಆದರೆ ಆ ಒಂದು ದಿನದ ಓಡಾಟ ಮುಗಿದ ಮೇಲೆ ಮೊದಲ ಆರು ತಿಂಗಳು ಈ ಮಕ್ಕಳ ಜೊತೆ ಇರುವವರು ಯಾರೂ ಇಲ್ಲ. ಅದೊಂದನ್ನು ಸರಿ ಮಾಡಿ ಅಂತ ಕೇಳುವುದಕ್ಕೇ ಈ ಪತ್ರ.

ಮೈಸೂರು ಜಿಲ್ಲೆಯಲ್ಲಿ ಪಾಠ ಮಾಡುತ್ತಿದ್ದಾಗ ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಿಂದ ಬಂದ ಜೇನುಕುರುಬರ ಹುಡುಗರು ನನ್ನ ಬ್ಯಾಚಿನಲ್ಲಿದ್ದರು. ಕೈ ಬಹಳ ಚುರುಕು. ಕೋರ್ಸು ಮುಗಿಸಿ ನಂಜನಗೂಡಿನ ಕಾರ್ಖಾನೆಗಳಿಗೆ ಸೇರಿದರು, ಎರಡು ಮೂರು ವಾರಕ್ಕೆ ವಾಪಸ್ ಹೋಗಿ ಕೊಡಗಿನ ಕಾಫಿ ತೋಟದ ಜೀಪು ಹತ್ತಿದರು. ಆದಿವಾಸಿ ಹುಡುಗರು ಒಂದು ಕಡೆ ನಿಲ್ಲಲ್ಲ ಅಂತ ಎಷ್ಟೋ ಜನ ಸಲೀಸಾಗಿ ಹೇಳಿಬಿಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಆ ಮಾತಿಗೆ ಈಗಲೂ ನೋವಾಗುತ್ತದೆ. ಒಂದು ದಿನ ಹುಡುಗನೊಬ್ಬ ಬಿಡಿಸಿ ಹೇಳಿದ. ತೋಟದಲ್ಲಿ ವಾರದ ಬಟವಾಡೆ. ಸಂತೆಯ ಹೊತ್ತಿಗೆ ಕೈಗೆ ದುಡ್ಡು ಬರುತ್ತೆ, ಮನೆಗೆ ಅಕ್ಕಿ ಬರುತ್ತೆ. ಕಾರ್ಖಾನೆ ಸಂಬಳ ಜಾಸ್ತಿ ಇರಬಹುದು, ಆದರೆ ಅದು ಬರುವ ತನಕ ಹಾಡಿಯಲ್ಲಿರುವ ಅಪ್ಪ ಅಮ್ಮ ಏನು ತಿನ್ನಬೇಕು? ಕೂಡಿಟ್ಟ ದುಡ್ಡು ಇಲ್ಲದ ಮನೆಯಲ್ಲಿ ತಿಂಗಳ ಸಂಬಳ ಅನ್ನೋದೇ ಒಂದು ಅಡ್ಡಿ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಅಡ್ವಾನ್ಸ್ ಕೊಟ್ಟು ಸಂಬಳದಲ್ಲಿ ಹಿಡಿದುಕೊಂಡರೆ ಕಾರ್ಖಾನೆಗೆ ಒಂದು ರೂಪಾಯಿಯೂ ನಷ್ಟವಿಲ್ಲ ಅಲ್ವಾ? ಅಕೌಂಟ್ಸ್ ಸೆಕ್ಷನ್‌ಗೆ ಸ್ವಲ್ಪ ಕೆಲಸ ಜಾಸ್ತಿ ಆಗುತ್ತದೆ, ಅಷ್ಟೇ.

ರೂಮಿನ ವಿಷಯ ಬರೆಯದೆ ಇರಲಾರೆ. ನಮ್ಮ ದಲಿತ, ಆದಿವಾಸಿ ಹುಡುಗರು ಮೈಸೂರಿನಲ್ಲಿ ಬಾಡಿಗೆಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ "ಯಾವ ಜನ?" ಅಂತಲೇ. ಉತ್ತರ ಕೇಳಿದ ಮೇಲೆ ಮನೆ ಆಗಲೇ ಕೊಟ್ಟಾಯ್ತು ಅಂತಾರೆ. ಇಬ್ಬರು ಹುಡುಗರ ಜೊತೆ ನಾನೇ ಹೋಗಿ ಇದನ್ನು ಅನುಭವಿಸಿದ್ದೇನೆ. ಎಂಟು ಗಂಟೆ ನಿಂತು ದುಡಿದು ಬಂದವನಿಗೆ ಮಲಗಲು ಜಾಗ ಸಿಗದಿದ್ದರೆ ಅವನು ಎಷ್ಟು ದಿನ ತಡೆದುಕೊಳ್ಳುತ್ತಾನೆ? ಓದುವಾಗ ಸರ್ಕಾರದ ಹಾಸ್ಟೆಲ್ ಇರುತ್ತದೆ. ಕೆಲಸಕ್ಕೆ ಸೇರಿದ ದಿನದಿಂದ ಏನೂ ಇಲ್ಲ. ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡು, ಇಂಥ ಕಡೆ ಮೊದಲ ಮೂರು ತಿಂಗಳಿಗಾದರೂ ಇರಲು ಒಂದು ಜಾಗ ಬೇಕು. ಕೈಗಾರಿಕಾ ಪ್ರದೇಶ ಅಂತ ಜಾಗ ಬಿಡಿಸುವಾಗ ಗೋಡೌನಿಗೆ, ಪಾರ್ಕಿಂಗಿಗೆ ಜಾಗ ಇಡುತ್ತೇವೆ. ದುಡಿಯುವವರು ಮಲಗುವ ಜಾಗದ ಬಗ್ಗೆಯೂ ಅಷ್ಟೇ ಯೋಚನೆ ಮಾಡಬೇಕಲ್ಲವೇ?

ಇನ್ನು ಒಳ್ಳೆಯದಾದ ಒಂದು ಕಥೆ ಹೇಳುತ್ತೇನೆ. ನನ್ನ ಪರಿಚಯದ ಒಬ್ಬ ಹುಡುಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಲೇತ್ ಕೆಲಸದಲ್ಲಿ ಪಳಗಿದವನು. ಮೊದಲು ಸೇರಿದ ಕಡೆ ಹತ್ತೇ ದಿನಕ್ಕೆ ಕಳಿಸಿಬಿಟ್ಟರು. ಫೋರ್ಕ್‌ಲಿಫ್ಟ್ ಹಾರನ್ ಕೇಳಲ್ಲ, ಸೈರನ್ ಕೇಳಲ್ಲ, ಏನಾದರೂ ಆದರೆ ಯಾರು ಜವಾಬ್ದಾರಿ ಅನ್ನುವುದು ಅವರ ಮಾತು. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ, ಶಾಪ್ ಫ್ಲೋರಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಆ ಭಯ ಅರ್ಥವಾಗುತ್ತದೆ. ಎರಡನೇ ಕಡೆ ಸೇರುವಾಗ ಅವನು ಓದಿದ ವಿಶೇಷ ಶಾಲೆಯ ಮೇಷ್ಟ್ರೊಬ್ಬರು ಜೊತೆಗೆ ಹೋದರು. ಎರಡು ದಿನ ಅವನ ಪಕ್ಕದಲ್ಲೇ ನಿಂತರು. ಸೈರನ್ ಜೊತೆಗೆ ಕೆಂಪು ದೀಪ ತಿರುಗುವ ಹಾಗೆ ಮಾಡಿಸಿದರು. ಅವನ ಮೆಷಿನ್ ನಡೆದಾಡುವ ದಾರಿಗೆ ಬೆನ್ನು ಹಾಕಿತ್ತು, ಅದನ್ನು ತಿರುಗಿಸಿ ಹಾಕಿಸಿದರು. ಗೋಡೆಗೆ ಒಂದು ಬಿಳಿ ಬೋರ್ಡು ಬಂತು. ಪಕ್ಕದ ಮೆಷಿನ್ನಿನ ಆಪರೇಟರ್‌ಗೆ ನಿಲ್ಲಿಸು, ಅಳತೆ ನೋಡು, ಊಟಕ್ಕೆ ಬಾ, ಇಂಥ ಹತ್ತು ಹದಿನೈದು ಸನ್ನೆ ಹೇಳಿಕೊಟ್ಟರು. ಆಮೇಲೆ ತಿಂಗಳಿಗೆ ಒಂದು ಸಲ ಬಂದು ಹೋಗುತ್ತಿದ್ದರು. ಅವನು ಅಲ್ಲೇ ಈಗ ಆರನೇ ವರ್ಷ. ಹೋದ ವರ್ಷ ಮದುವೆಗೆ ಕರೆದಿದ್ದ, ಆ ಆಪರೇಟರ್ ಮನೆಯವರನ್ನೆಲ್ಲ ಕರಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಖರ್ಚಾಗಿದ್ದು ಒಂದು ದೀಪ, ಒಂದು ಬೋರ್ಡು, ಒಬ್ಬ ಮೇಷ್ಟ್ರ ಕೆಲವು ದಿನ. ಮೈಸೂರಿನಲ್ಲಿ ಇಂಥ ಸಹಾಯ ಮಾಡಬಲ್ಲವರಿಗೆ ಕೊರತೆ ಇಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲೇ ಇದೆ, ಇಡೀ ದೇಶದಿಂದ ಅಲ್ಲಿಗೆ ಜನ ಬರುತ್ತಾರೆ. ವಿಶೇಷಚೇತನರಿಗಾಗಿಯೇ ಇರುವ ಜೆಎಸ್ಎಸ್ ಪಾಲಿಟೆಕ್ನಿಕ್ ಇದೆ. ಹೆಬ್ಬಾಳದ ಕೈಗಾರಿಕಾ ಪ್ರದೇಶ ಇವುಗಳಿಂದ ಎಷ್ಟು ದೂರ? ಸಿಟಿ ಬಸ್ಸಿನ ದೂರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲು ಇಟ್ಟಿದೆ. ಖಾಸಗಿಯವರು ಶೇ 5ರಷ್ಟು ಜನರನ್ನು ತಗೊಳ್ಳುವ ಹಾಗೆ ಪ್ರೋತ್ಸಾಹ ಕೊಡಬೇಕು ಅಂತಲೂ ಅದರಲ್ಲಿದೆ. ಆದರೆ ಕಾಯ್ದೆ ಬಂದು ಮೆಷಿನ್ ಪಕ್ಕ ನಿಲ್ಲುವುದಿಲ್ಲ. ಅಲ್ಲಿ ನಿಲ್ಲಲು ಆ ಮೇಷ್ಟ್ರಂಥ ಒಬ್ಬ ಮನುಷ್ಯ ಬೇಕು.

ಹೆಣ್ಣುಮಕ್ಕಳದು ಇನ್ನೊಂದು ಥರ. ಗೆಜ್ಜಲಗೆರೆ, ಸೋಮನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಮದ್ದೂರು, ಮಂಡ್ಯ ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆ ಬೆಳಿಗ್ಗೆ ಹೊರಡುವ ಹೆಂಗಸರನ್ನು ನೋಡಿದ್ದೀರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ಇದು ಬಹಳ ದೊಡ್ಡ ಸಹಾಯ, ಮನಸಾರೆ ಹೇಳುತ್ತೇನೆ. ಆದರೆ ಕೆಲಸದ ಹೊತ್ತಿಗೆ ಸರಿಯಾಗಿ ಬಸ್ಸು ಬರಬೇಕಲ್ಲ. ಎಂಟೂವರೆಗೆ ಗೇಟಿನೊಳಗೆ ಇರಬೇಕಾದವಳಿಗೆ ಊರಿನ ಮೊದಲ ಬಸ್ಸು ಎಂಟು ಗಂಟೆಗೆ ಬಂದರೆ ಏನು ಪ್ರಯೋಜನ? ಡಿಪೋ ಮ್ಯಾನೇಜರು, ಕಾರ್ಖಾನೆಯ ಎಚ್‌ಆರ್, ಆ ಸಾಲಿನ ನಾಲ್ಕು ಪಂಚಾಯಿತಿ ಪಿಡಿಒಗಳು ಒಂದು ಸಂಜೆ ಒಟ್ಟಿಗೆ ಕೂತರೆ ಬಗೆಹರಿಯುವ ಮಾತು ಇದು.

ನಮ್ಮ ಬೀದಿಯಲ್ಲೇ ಒಬ್ಬಳು ತಾಯಿ ಇದ್ದಾಳೆ. ಗಂಡ ತೀರಿಕೊಂಡ ಮೇಲೆ ಟೈಲರಿಂಗ್ ಕಲಿತು ಗಾರ್ಮೆಂಟ್ಸಿಗೆ ಸೇರಿದಳು. ಮಗುವಿಗೆ ಜ್ವರ ಅಂತ ಎರಡು ಸಲ ರಜೆ ಹಾಕಿದಾಗ ಟಾರ್ಗೆಟ್ ಆಗಲಿಲ್ಲ ಅಂತ ಲೈನ್ ಸೂಪರ್‌ವೈಸರ್ ಹತ್ತಾರು ಜನರ ಮುಂದೆ ಕೂಗಾಡಿದರಂತೆ. ಅವತ್ತೇ ಬಿಡಬೇಕು ಅಂತಿದ್ದಳು. ಅವಳ ಸ್ವಸಹಾಯ ಸಂಘದ ಹೆಂಗಸರು ಸಾಲದ ಕಂತಿಗೆ ಅಂತ ಸೇರಿದ್ದಾಗ ವಿಷಯ ಗೊತ್ತಾಗಿ, ಮನೆಯಲ್ಲೇ ಇರುವ ಇಬ್ಬರು "ಮಗೀನ ನಾವ್ ನೋಡ್ಕತೀವಿ, ನೀನೋಗವ್ವ" ಅಂದರು. ತಿಂಗಳಿಗೆ ಅವರಿಗೂ ಒಂದಿಷ್ಟು ಕೊಡುತ್ತಾಳೆ. ನಾಲ್ಕು ವರ್ಷ ಆಯಿತು, ಅವಳಿಗೆ ಇಎಸ್ಐ ಇದೆ, ಪಿಎಫ್ ಇದೆ. 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾನೂನಿಗೆ ತಿದ್ದುಪಡಿ ಆಗಿದೆ. ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆ ಅಂತ ಕೂಸಿನ ಮನೆ ಅನ್ನುವ ಮಕ್ಕಳ ಪಾಲನಾ ಕೇಂದ್ರ ಶುರುವಾಗಿದೆ. ಬೆಳಿಗ್ಗೆ ಒಂದು ಗಂಟೆ ಮುಂಚೆ ತೆಗೆದು ಸಂಜೆ ಒಂದು ಗಂಟೆ ತಡವಾಗಿ ಮುಚ್ಚಿದರೆ, ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳನ್ನೂ ಸೇರಿಸಿಕೊಂಡರೆ, ಆ ಹೆಚ್ಚಿನ ಖರ್ಚನ್ನು ಕಾರ್ಖಾನೆಯವರು ಕೊಟ್ಟರೆ, ಎಷ್ಟು ಮನೆ ಉಳಿಯುತ್ತವೆ ನೋಡಿ.

ಕಾಗದ ಪತ್ರದ ಗೋಳು ಬೇರೆ. ಆಧಾರ್‌ನಲ್ಲಿ ಹೆಸರು ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ, ಇನಿಷಿಯಲ್ ಹಿಂದೆ ಮುಂದೆ. ಪಿಎಫ್ ಅಲ್ಲೇ ನಿಂತುಹೋಗುತ್ತದೆ. ಸೇರುವ ಮುಂಚೆ ಒಂದು ದಿನ ಕೂತು ಸರಿ ಮಾಡಿಸಿದರೆ ಮುಗಿಯಿತು. ಆದರೆ ಹೇಳಿಕೊಡುವವರಿಲ್ಲದೆ ಈ ಮಕ್ಕಳು ಸೈಬರ್ ಸೆಂಟರಿನಿಂದ ಸೈಬರ್ ಸೆಂಟರಿಗೆ ಅಲೆಯುತ್ತಾರೆ.

ಹಾಗಾದರೆ ನಾನು ಕೇಳುತ್ತಿರುವುದು ಏನು? ಪ್ರತಿ ಕೈಗಾರಿಕಾ ಪ್ರದೇಶಕ್ಕೂ ಕೆಲವರು ಜೊತೆಗಾರರು. ಜೊತೆಗಾರ ಅಂತ ನಾನು ಇಟ್ಟ ಹೆಸರು, ಬೇರೆ ಏನಾದರೂ ಇಡಿ. ಒಬ್ಬೊಬ್ಬರ ಕೈಯಲ್ಲಿ ಹೊಸದಾಗಿ ಸೇರಿದ ಮೂವತ್ತು ನಲವತ್ತು ಜನ ಇರಲಿ. ಸೇರಿದ ದಿನ ಜೊತೆಗೆ ಹೋಗಬೇಕು. ಮೊದಲ ತಿಂಗಳು ವಾರಕ್ಕೊಂದು ಸಲ ಭೇಟಿಯಾಗಬೇಕು, ಆಮೇಲೆ ಹದಿನೈದು ದಿನಕ್ಕೊಂದು ಸಲ ಫೋನ್. ಸೋಮವಾರ ಯಾರು ಬರಲಿಲ್ಲ ಅಂತ ಮಧ್ಯಾಹ್ನದೊಳಗೆ ಅವರಿಗೆ ಗೊತ್ತಾಗಬೇಕು. ಸೋಮವಾರ ಯಾಕೆ ಅಂದರೆ, ನಾನು ಕಂಡ ಹಾಗೆ ಬಿಟ್ಟವರಲ್ಲಿ ಜಾಸ್ತಿ ಜನ ಊರಿಗೆ ಹೋದ ಭಾನುವಾರದ ಮಾರನೇ ದಿನವೇ ಬಿಟ್ಟಿದ್ದಾರೆ. ಊರ ಹಬ್ಬ, ಜಾತ್ರೆ, ಕಬ್ಬು ಕಡಿಯುವ ಕಾಲ, ನಾಟಿ ಕಾಲ ಯಾವಾಗ ಅಂತ ಈ ಜೊತೆಗಾರರಿಗೆ ಗೊತ್ತಿರುತ್ತದೆ, ಅದನ್ನು ಮುಂಚೆಯೇ ಸೂಪರ್‌ವೈಸರ್‌ಗೆ ಹೇಳಿ ರಜೆ ಹೊಂದಿಸಬಹುದು. ಸೂಪರ್‌ವೈಸರ್‌ಗೂ ಇದರಿಂದ ಅನುಕೂಲ. ತಿಂಗಳಿಗೊಬ್ಬ ಹೊಸಬನಿಗೆ ಮೊದಲಿಂದ ಕೆಲಸ ಕಲಿಸಿ ಅವರೂ ಸೋತಿದ್ದಾರೆ, ಅವರ ಮಾತನ್ನೂ ನಾನು ಕೇಳಿದ್ದೇನೆ.

ಇದು ಆಗದ ಮಾತಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಮೂರೂ ಸೇರಿ ಸ್ವಂತ ಉದ್ಯೋಗದ ತರಬೇತಿ ಸಂಸ್ಥೆ ರುಡ್‌ಸೆಟ್ ಶುರು ಮಾಡಿದರು. ಅದನ್ನೇ ನೋಡಿ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಅಂಥದ್ದೇ ತರಬೇತಿ ಸಂಸ್ಥೆಯಾದ ಆರ್‌ಸೆಟಿ ತಂದಿತು. ಅಲ್ಲಿ ಉಚಿತವಾಗಿ ತರಬೇತಿ ಕೊಟ್ಟು ಕೈ ಬಿಡುವುದಿಲ್ಲ, ಎರಡು ವರ್ಷ ಬೆನ್ನ ಹಿಂದೆ ಇದ್ದು ವಿಚಾರಿಸುತ್ತಾರೆ. ಸ್ವಂತ ಅಂಗಡಿ ಇಟ್ಟವನಿಗೆ, ಹಸು ಸಾಕಿದವಳಿಗೆ ಎರಡು ವರ್ಷ ಜೊತೆ ಸಿಗುವುದಾದರೆ, ಕಾರ್ಖಾನೆಗೆ ಸೇರಿದವನಿಗೆ ಆರು ತಿಂಗಳು ಸಿಗಬಾರದೇ? ಹಳ್ಳಿ ಯುವಕರಿಗಾಗಿ 2014ರಲ್ಲಿ ಬಂದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ 1,000 ರೂಪಾಯಿ ಕೊಡುವ ನಿಯಮ ಇಟ್ಟರು. ಸ್ವಂತ ಜಿಲ್ಲೆಯಲ್ಲಾದರೆ 2 ತಿಂಗಳು, ರಾಜ್ಯದೊಳಗಾದರೆ 3, ಹೊರ ರಾಜ್ಯಕ್ಕೆ ಹೋದರೆ 6 ತಿಂಗಳು. ಮೊದಲ ಸಂಬಳ ಬರುವ ತನಕದ ಕಷ್ಟ ಯಾರಿಗೋ ಅರ್ಥವಾಗಿಯೇ ಈ ನಿಯಮ ಬಂದಿದೆ. ಮೇಳದಲ್ಲಿ, ಐಟಿಐ ಕ್ಯಾಂಪಸ್ಸಿನಲ್ಲಿ ನೇರವಾಗಿ ಸೇರುವ ಮಕ್ಕಳಿಗೂ ಅಂಥದ್ದೇ ಒಂದು ಏರ್ಪಾಡು ಬೇಕು.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕು, ಉದ್ಯೋಗ ಕೌಶಲವೂ ಅದರ ಪಟ್ಟಿಯಲ್ಲಿದೆ. ಶಾಲೆಗೆ ಬೆಂಚು, ಬಣ್ಣ ಕೊಡಿಸುತ್ತಾರೆ, ಅದೂ ಬೇಕು. ಜೊತೆಗೆ ಹತ್ತು ಕಂಪನಿ ಸೇರಿ ನಾಲ್ಕು ಜನ ಜೊತೆಗಾರರ ಸಂಬಳ ಕೊಡಲಿ. ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ. ಸಣ್ಣ ಗೌರವಧನಕ್ಕೆ ದುಡಿಯುವ, ಸ್ವತಃ ವಿಕಲಚೇತನರಾದ ಇವರಿಗೆ ಪ್ರತಿ ಮನೆಯ ಕಷ್ಟವೂ ಗೊತ್ತು. ಅವರಿಗೆ ತರಬೇತಿ ಕೊಟ್ಟು, ಗೌರವಧನ ಹೆಚ್ಚಿಸಿ, ಈ ಕೆಲಸಕ್ಕೆ ಜೋಡಿಸಬಹುದು. ಮೊದಲ ತಿಂಗಳ ಕೈಸಾಲವನ್ನು ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳು ಬಡ್ಡಿ ಇಲ್ಲದೆ ಕೊಡಬಹುದು, ಸಂಬಳ ಬಂದ ಮೇಲೆ ಎರಡು ಕಂತಿನಲ್ಲಿ ತೀರುತ್ತದೆ. ಹುಡುಗರ ಕೈಗೆ ಸಾಲ ಕೊಟ್ಟರೆ ಬರಲ್ಲ ಅನ್ನುವವರಿಗೆ ನನ್ನ ಉತ್ತರ ಒಂದೇ, ನಮ್ಮ ಹೆಂಗಸರ ಸಂಘಗಳ ಲೆಕ್ಕದ ಪುಸ್ತಕ ಒಮ್ಮೆ ತೆಗೆದು ನೋಡಿ.

ಇನ್ನು ಪತ್ರಿಕೆಯವರಾದ ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಮೇಳದ ಸುದ್ದಿ ಹಾಕುವಾಗ ಎಷ್ಟು ಜನಕ್ಕೆ ನೇಮಕ ಪತ್ರ ಕೊಟ್ಟರು ಅನ್ನುವುದರ ಪಕ್ಕದಲ್ಲಿ, ಹಿಂದಿನ ಮೇಳದಲ್ಲಿ ಸೇರಿದವರಲ್ಲಿ ಆರು ತಿಂಗಳ ಮೇಲೂ ಎಷ್ಟು ಜನ ಕೆಲಸದಲ್ಲಿದ್ದಾರೆ ಅಂತ ಕೇಳಿ ಅದನ್ನೂ ಹಾಕಿ. ನೀವು ಪ್ರತಿ ಸಲ ಕೇಳುತ್ತಾ ಹೋದರೆ ಅವರು ಲೆಕ್ಕ ಇಡಲು ಶುರು ಮಾಡುತ್ತಾರೆ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹುಡುಗನ ವಿಷಯಕ್ಕೆ ಬರುತ್ತೇನೆ. ಅವತ್ತೇ ಅವನ ಕಂಪನಿಯ ಎಚ್‌ಆರ್ ಅವರಿಗೆ ಫೋನ್ ಮಾಡಿದೆ. ಆ ಹೆಣ್ಣುಮಗಳು ತಾಳ್ಮೆಯಿಂದ ಕೇಳಿಸಿಕೊಂಡರು. ಹುಡುಗ ಯಾಕೆ ಬರಲಿಲ್ಲ ಅಂತ ನಮಗೆ ಯಾರೂ ಹೇಳಲೇ ಇಲ್ಲ ಸರ್ ಅಂದರು. ಬಾಕಿ ಸಂಬಳ ಕೊಡಿಸುತ್ತೇನೆ, ಒಂದನೇ ತಾರೀಖಿನ ಬ್ಯಾಚಿಗೆ ಮತ್ತೆ ಕಳಿಸಿ ಅಂದಿದ್ದಾರೆ. ಅವತ್ತು ಬೆಳಗಿನ ಜಾವದ ಬಸ್ಸಿಗೆ ಅವನ ಜೊತೆ ನಾನೂ ಹೂಟಗಳ್ಳಿಗೆ ಹೋಗುತ್ತಿದ್ದೇನೆ. ಅವನ ಸೂಪರ್‌ವೈಸರ್‌ರನ್ನು ಮಾತಾಡಿಸಿ, ನನ್ನ ಫೋನ್ ನಂಬರ್ ಬರೆದುಕೊಟ್ಟು ಬರುತ್ತೇನೆ.

ಇಂತಿ,
ನಿವೃತ್ತ ಐಟಿಐ ಬೋಧಕ,
ಮಂಡ್ಯ